ಕಡ್ಡಾಯ ಸೇನಾ ಸೇವೆ ಜನರನ್ನ ಸಮಾನ ಮಾಡುತ್ತಾ? ಇತಿಹಾಸ ಓದಿರೋರು ಸ್ವಲ್ಪ ಹೇಳಿ

ನೀಲಿ_ಶಾಯಿ:

ನಮಸ್ಕಾರ ಎಲ್ಲರಿಗೂ. ಒಂದು ಪ್ರಶ್ನೆ ಎರಡು ವಾರದಿಂದ ತಲೆ ಕೊರೀತಿದೆ, ಇಲ್ಲಿ ಇತಿಹಾಸ ಓದಿರೋರು ಸುಮಾರು ಜನ ಇದೀರಿ ಅಂತ ಕೇಳ್ತಾ ಇದೀನಿ.

ಫ್ರೆಂಡ್ಸ್ ಜೊತೆ ಮಾತಾಡ್ತಾ ಕಡ್ಡಾಯ ಸೇನಾ ಸೇವೆ ವಿಷಯ ಬಂತು. ಒಬ್ಬ ಹೇಳಿದ, ಹದಿನೆಂಟು ತುಂಬಿದ ಪ್ರತಿಯೊಬ್ಬನೂ ಎರಡು ವರ್ಷ ಮಿಲಿಟರಿಗೆ ಹೋಗ್ಲೇಬೇಕು ಅಂತ ಆದ್ರೆ ಶ್ರೀಮಂತನ ಮಗನೂ ಕೂಲಿಯವನ ಮಗನೂ ಒಂದೇ ಸಾಲಲ್ಲಿ ನಿಲ್ತಾರೆ, ಒಟ್ಟಿಗೆ ಊಟ ಮಾಡ್ತಾರೆ, ಒಟ್ಟಿಗೆ ಮಲಗ್ತಾರೆ, ಮೇಲು ಕೀಳು ಅನ್ನೋದು ಅಲ್ಲೇ ಕರಗಿ ಹೋಗುತ್ತೆ, ಜೊತೆಗೆ ಶಿಸ್ತೂ ಬರುತ್ತೆ ಅಂತ. ಕೇಳೋಕೆ ಚೆನ್ನಾಗೇ ಇದೆ, ನನಗೂ ಅರ್ಧಕ್ಕರ್ಧ ಹೌದು ಅನ್ನಿಸ್ತು. ಇನ್ನೊಬ್ಬಳು ಒಪ್ಪಲೇ ಇಲ್ಲ. ಯಾವ ಕಾಲದಲ್ಲೂ ಹಾಗೆ ನಡೆದಿಲ್ಲ, ದುಡ್ಡಿದ್ದವನು ತಪ್ಪಿಸ್ಕೊಂಡೇ ತಪ್ಪಿಸ್ಕೊಳ್ತಾನೆ ಅಂದ್ಳು. ಇಬ್ಬರ ಹತ್ರಾನೂ ಗಟ್ಟಿ ಉದಾಹರಣೆ ಇರ್ಲಿಲ್ಲ.

ನನಗೆ ಬೇಕಾಗಿರೋದು ಯುದ್ಧದ ಕಥೆ ಅಲ್ಲ. ಹೀಗೆ ಹುಡುಗರನ್ನ ಎಳ್ಕೊಂಡು ಹೋದಾಗ ಹಿಂದೆ ಉಳಿದ ಸಮಾಜಕ್ಕೆ ಏನಾಯ್ತು ಅನ್ನೋದು. ಮನೆ, ಮದುವೆ, ಓದು, ಸಂಬಳ, ವೋಟು, ಇವುಗಳ ಮೇಲೆ ಏನು ಪರಿಣಾಮ ಆಯ್ತು. ಯಾವ ದೇಶದ್ದಾದ್ರೂ ಸರಿ, ನಿಮಗೆ ಗೊತ್ತಿರೋದು ಬರೀರಿ.

ಹಳೇ_ದಫ್ತರ:

ಉದ್ದ ಆಗುತ್ತೆ, ಕ್ಷಮಿಸಿ. ನನಗೆ ತುಂಬಾ ಹತ್ತಿರವಾದ ವಿಷಯ ಇದು.

ನಾನು ಇದನ್ನ ಓದೋಕೆ ಶುರು ಮಾಡಿದಾಗ ಯಾರನ್ನ ಕರ್ಕೊಂಡು ಹೋದ್ರು ಅನ್ನೋದನ್ನೇ ಹುಡುಕ್ತಿದ್ದೆ. ಓದ್ತಾ ಓದ್ತಾ ಗೊತ್ತಾಯ್ತು, ಹುಡುಕ್ಬೇಕಾಗಿರೋದು ಯಾರನ್ನ ಬಿಟ್ಟು ಹೋದ್ರು ಅನ್ನೋದನ್ನ. ವಿನಾಯಿತಿ ಪಟ್ಟಿ ಕೈಲಿ ಹಿಡ್ಕೊಂಡ್ರೆ ಆ ಸಮಾಜದಲ್ಲಿ ಯಾರ ಜೀವಕ್ಕೆ ಎಷ್ಟು ಬೆಲೆ ಅಂತ ಅಲ್ಲೇ ಬರೆದಿರುತ್ತೆ.

ಫ್ರಾನ್ಸಿಂದಾನೇ ಶುರು ಮಾಡೋಣ, ಈಗಿನ ರೀತಿಯ ಕಡ್ಡಾಯ ಸೇವೆ ಹುಟ್ಟಿದ್ದು ಅಲ್ಲಿ ಅಂತಾನೇ ಎಲ್ಲರೂ ಹೇಳೋದು. 1793ರ ಫೆಬ್ರವರಿಯಲ್ಲಿ ಕ್ರಾಂತಿ ಸರ್ಕಾರ 3 ಲಕ್ಷ ಜನ ಬೇಕು ಅಂತ ಆದೇಶ ಹೊರಡಿಸ್ತು, ಯಾರನ್ನ ಕಳಿಸ್ಬೇಕು ಅನ್ನೋದನ್ನ ಆಯಾ ಊರಿನವರೇ ತೀರ್ಮಾನ ಮಾಡ್ಕೊಳ್ಳಿ ಅಂತ ಬಿಟ್ರು, ಆದ್ರೆ ಆ ಆದೇಶ ಜಾರಿ ಮಾಡೋಕೆ ಬಂದ ಅಧಿಕಾರಿಗಳಿಗೇ ವಿನಾಯಿತಿ ಇತ್ತು. ಮೊದಲೇ ಪಾದ್ರಿಗಳ ವಿಷಯಕ್ಕೆ, ತೆರಿಗೆ ವಿಷಯಕ್ಕೆ ಕುದೀತಿದ್ದ ವಾಂಡೇ ಪ್ರಾಂತ್ಯದ ರೈತರು ಮಾರ್ಚಲ್ಲಿ ದಂಗೆ ಎದ್ರು. ಅದನ್ನ ಅಡಗಿಸೋಕೆ ಹೋಗಿ ಆದ ಸಾವು ಫ್ರೆಂಚರು ಇವತ್ತಿಗೂ ನೋವಿಲ್ಲದೆ ಮಾತಾಡೋಕೆ ಆಗದಂಥದ್ದು. ಅದೇ ವರ್ಷ ಆಗಸ್ಟ್ 23ಕ್ಕೆ ಬಂದ ಆದೇಶ ಇನ್ನೂ ದೊಡ್ಡದು. ಯುವಕರು ಯುದ್ಧಕ್ಕೆ, ಮದುವೆಯಾದವರು ಆಯುಧ ಮಾಡೋಕೆ ಮತ್ತೆ ಸಾಮಾನು ಸಾಗಿಸೋಕೆ, ಹೆಂಗಸರು ಡೇರೆ ಹೊಲಿಯೋಕೆ ಮತ್ತೆ ಆಸ್ಪತ್ರೆಗೆ, ಮಕ್ಕಳು ಹಳೇ ಬಟ್ಟೆಯಿಂದ ಗಾಯದ ಪಟ್ಟಿ ಮಾಡೋಕೆ, ಮುದುಕರು ಚೌಕದಲ್ಲಿ ನಿಂತು ಧೈರ್ಯ ತುಂಬೋಕೆ. ಒಂದು ಇಡೀ ದೇಶವನ್ನ ಒಂದೇ ಕಾಗದದಲ್ಲಿ ಕೆಲಸಕ್ಕೆ ಹಚ್ಚಿದ ಆದೇಶ ಅದು, ಅಲ್ಲಿಗೆ ಸೈನಿಕ ಯಾರು ಸಾಮಾನ್ಯ ಜನ ಯಾರು ಅನ್ನೋ ಗೆರೆ ಅಳಿಸಿ ಹೋಯ್ತು.

1798ರ ಸೆಪ್ಟೆಂಬರಲ್ಲಿ ಜೂರ್ದಾಂ ಕಾನೂನು ಬಂತು. 20ರಿಂದ 25 ವಯಸ್ಸಿನ ಗಂಡಸರನ್ನೆಲ್ಲ ವಯಸ್ಸಿನ ಪ್ರಕಾರ ಐದು ಗುಂಪು ಮಾಡಿ, ಚಿಕ್ಕವರಿಂದ ಶುರು ಮಾಡಿ ಕರೆಯೋದು. ಇದು ನಡೀಬೇಕು ಅಂದ್ರೆ ಯಾರು ಯಾವತ್ತು ಹುಟ್ಟಿದ ಅಂತ ಸರ್ಕಾರಕ್ಕೆ ಗೊತ್ತಿರ್ಬೇಕು. ಜನನ ಮರಣ ಮದುವೆ ದಾಖಲೆ ಚರ್ಚಿನ ಕೈಯಿಂದ ಊರ ಆಡಳಿತದ ಕೈಗೆ ಬಂದಿದ್ದು 1792ರಲ್ಲಿ, ಅದು ಇಲ್ದೇ ಹೋಗಿದ್ರೆ ಈ ಕಾನೂನು ಕಾಗದದ ಮೇಲೇ ಉಳೀತಿತ್ತು. ಇದನ್ನ ಯಾಕೆ ಒತ್ತಿ ಹೇಳ್ತಿದೀನಿ ಅಂದ್ರೆ, ಬಹಳಷ್ಟು ಕಡೆ ಒಬ್ಬ ಬಡ ರೈತನ ಹೆಸರು, ವಯಸ್ಸು, ಎತ್ತರ, ಓದೋಕೆ ಬರುತ್ತೋ ಇಲ್ವೋ, ಇಷ್ಟನ್ನೂ ಸರ್ಕಾರ ಬರೆದಿಟ್ಟುಕೊಂಡಿದ್ದು ಸೈನ್ಯಕ್ಕೋಸ್ಕರ. 19ನೇ ಶತಮಾನದ ಬಡವರು ಎಷ್ಟು ಎತ್ತರ ಇದ್ರು, ಎಷ್ಟು ಜನಕ್ಕೆ ಅಕ್ಷರ ಬರ್ತಿತ್ತು ಅಂತ ಇವತ್ತು ಸಂಶೋಧಕರು ಹೇಳೋದೇ ಈ ಭರ್ತಿ ಪುಸ್ತಕಗಳನ್ನ ನೋಡಿ.

ಸರಿ, ಸಮಾನತೆ ವಿಷಯಕ್ಕೆ ಬರ್ತೀನಿ. ಕಾನೂನು ಎಲ್ಲರಿಗೂ ಅಂತ ಬಂತು, ಕೆಲವೇ ವರ್ಷದಲ್ಲಿ ಬದಲಿ ಆಳು ಕೊಡ್ಬಹುದು ಅಂತ ಆಯ್ತು. ನಿನ್ನ ಹೆಸರು ಬಂದ್ರೆ ದುಡ್ಡು ಕೊಟ್ಟು ಇನ್ನೊಬ್ಬನನ್ನ ಕಳಿಸು. ಆಮೇಲೆ ಇದು ಪೂರ್ತಿ ವ್ಯವಸ್ಥೆಯೇ ಆಗಿ ಹೋಯ್ತು, ಚೀಟಿ ಎತ್ತಿಸ್ತಿದ್ರು, ಕೆಟ್ಟ ನಂಬರ್ ಬಂದವನು 1832ರ ಕಾನೂನಿನ ಪ್ರಕಾರ 7 ವರ್ಷ ಹೋಗ್ಬೇಕು, ಅವನ ಅಪ್ಪನ ಹತ್ರ ದುಡ್ಡಿದ್ರೆ ನೋಟರಿ ಮುಂದೆ ಕರಾರು ಬರೆಸಿ ಬಡವರ ಮನೆ ಹುಡುಗನನ್ನ ಕಳಿಸ್ತಿದ್ದ. ಕೆಟ್ಟ ನಂಬರ್ ಬಂದ್ರೆ ದುಡ್ಡು ಕೊಡ್ತೀವಿ ಅನ್ನೋ ವಿಮಾ ಕಂಪನಿಗಳೂ ಇದ್ವು! ಬದಲಿ ಆಳಿನ ಪದ್ಧತಿ ಪೂರ್ತಿ ನಿಂತಿದ್ದು 1872ರಲ್ಲಿ, ಅದೂ ಪ್ರಷ್ಯಾ ಕೈಲಿ ಸೋತ ಮೇಲೆ. ಆಮೇಲೂ ಓದಿದವರಿಗೆ ಒಂದೇ ವರ್ಷ, ಉಳಿದವರಿಗೆ ಹೆಚ್ಚು ವರ್ಷ. ಎಲ್ಲರಿಗೂ ಒಂದೇ ಅವಧಿ, ಎರಡು ವರ್ಷ, ಅಂತ ಆಗಿದ್ದು 1905ರಲ್ಲಿ. ಅಂದ್ರೆ ಸಮಾನತೆ ಹೆಸರಲ್ಲಿ ಶುರುವಾದ ಪದ್ಧತಿ ನಿಜವಾಗ್ಲೂ ಸಮಾನ ಆಗೋಕೆ ನೂರು ವರ್ಷಕ್ಕಿಂತ ಜಾಸ್ತಿ ಹಿಡೀತು.

ತಪ್ಪಿಸ್ಕೊಂಡವರ ಕಥೆ ಬೇರೇನೇ ಇದೆ. ನೆಪೋಲಿಯನ್ ಕಾಲದಲ್ಲಿ ಮದುವೆಯಾದವರನ್ನ ಬಿಡ್ತಾರೆ ಅಂತ ಅವಸರಕ್ಕೆ ಮದುವೆ ಮಾಡ್ಕೊಳ್ತಿದ್ರು, 1813ರಲ್ಲಿ ಫ್ರಾನ್ಸಲ್ಲಿ ಮದುವೆಗಳ ಸಂಖ್ಯೆ ಸರ್ರನೆ ಏರಿತ್ತು. ತೋಟಾ ಕಚ್ಚಿ ಹರಿಯೋಕೆ ಮುಂದಿನ ಹಲ್ಲು ಬೇಕಲ್ಲ, ಅದಕ್ಕೆ ಹಲ್ಲು ಕೀಳಿಸ್ಕೊಳ್ತಿದ್ರು. ಓಡಿ ಹೋದವನು ಸಿಗದೇ ಇದ್ರೆ ಅವನ ಅಪ್ಪ ಅಮ್ಮನ ಮನೇಲಿ ಸಿಪಾಯಿಗಳನ್ನ ತಂದು ಕೂರಿಸ್ತಿದ್ರು, ಮಗ ಬರೋ ತನಕ ಅವರ ಖರ್ಚೆಲ್ಲ ಆ ಮನೆಯವರದ್ದೇ. ಈಜಿಪ್ಟಲ್ಲಿ 1820ರ ದಶಕದಿಂದ ಅಲ್ಲಿನ ಆಡಳಿತಗಾರ ಮುಹಮ್ಮದ್ ಅಲಿ ಪಾಷಾ ರೈತರನ್ನ ಹಿಡಿದು ಸೈನ್ಯಕ್ಕೆ ಹಾಕೋಕೆ ಶುರು ಮಾಡಿದಾಗ ಜನ ಬಲಗೈ ತೋರುಬೆರಳು ಕತ್ತರಿಸ್ಕೊಳ್ತಿದ್ರು, ಕಣ್ಣು ಕಳ್ಕೊಳ್ತಿದ್ರು. ಕೊನೆಗೆ ಅಂಗ ಊನ ಆದವರದ್ದೇ ತುಕಡಿ ಕಟ್ಟಿದ್ರು ಅಂತ ಓದಿದಾಗ ನಾನು ಆ ದಿನ ಮುಂದೆ ಓದೋಕೆ ಆಗ್ಲಿಲ್ಲ.

ಸಂಜೆ_ಓದು:

ಹಳೇ ದಫ್ತರ ಸರ್ ಬರೆದಿದ್ದಕ್ಕೆ ಅಮೆರಿಕದ್ದೊಂದು ಸೇರಿಸ್ತೀನಿ, ಅಲ್ಲಿ ದುಡ್ಡಿನ ಲೆಕ್ಕ ಇನ್ನೂ ಬಹಿರಂಗವಾಗಿತ್ತು.

ಅಂತರ್ಯುದ್ಧದಲ್ಲಿ ಎರಡೂ ಕಡೆಯವರೂ ಡ್ರಾಫ್ಟ್, ಅಂದ್ರೆ ಕಡ್ಡಾಯ ಭರ್ತಿ ತಂದ್ರು. ದಕ್ಷಿಣದವರು ಮೊದಲು, 1862ರ ಏಪ್ರಿಲಲ್ಲಿ. ಅದೇ ಅಕ್ಟೋಬರಲ್ಲಿ ಇಪ್ಪತ್ತು ಅಥವಾ ಅದಕ್ಕಿಂತ ಹೆಚ್ಚು ಗುಲಾಮರಿರೋ ತೋಟಕ್ಕೆ ಒಬ್ಬ ಬಿಳಿಯ ಗಂಡಸನ್ನ ಬಿಡ್ತೀವಿ ಅಂತ ತಿದ್ದುಪಡಿ ಮಾಡಿದ್ರು. ಗುಲಾಮರೇ ಇಲ್ಲದ ಬಡ ಬಿಳಿಯ ರೈತರ ಹೊಟ್ಟೆ ಎಷ್ಟು ಉರಿದಿರ್ಬೇಕು ಯೋಚ್ನೆ ಮಾಡಿ, ಯಾರ ಆಸ್ತಿ ಉಳಿಸೋಕೆ ಯುದ್ಧ ನಡೀತಿತ್ತೋ ಅವರೇ ಮನೇಲಿ ಉಳೀಬಹುದು.

ಉತ್ತರದಲ್ಲಿ 1863ರ ಮಾರ್ಚಲ್ಲಿ ಕಾನೂನು ಬಂತು, 300 ಡಾಲರ್ ಕಟ್ಟಿದ್ರೆ ಆ ಸಲದ ಕರೆಯಿಂದ ಬಿಡುಗಡೆ, ಇಲ್ಲಾಂದ್ರೆ ಬದಲಿ ಆಳು ಕೊಡು. 300 ಡಾಲರ್ ಅಂದ್ರೆ ಆಗಿನ ಒಬ್ಬ ಕೂಲಿಯವನ ಹೆಚ್ಚುಕಡಿಮೆ ಒಂದು ವರ್ಷದ ದುಡಿಮೆ. ನ್ಯೂಯಾರ್ಕಲ್ಲಿ ಜುಲೈ 11, ಶನಿವಾರ ಮೊದಲ ಹೆಸರುಗಳನ್ನ ಎತ್ತಿದ್ರು, ಭಾನುವಾರ ಪೇಪರಲ್ಲಿ ಆ ಪಟ್ಟಿ ಬಂತು, ಸೋಮವಾರ ಬೆಳಗ್ಗೆ ಊರಿಗೆ ಬೆಂಕಿ. ನಾಲ್ಕು ದಿನ ನಡೀತು, ನೂರಕ್ಕೂ ಹೆಚ್ಚು ಜನ ಸತ್ರು. ಇಲ್ಲಿ ನನಗೆ ತುಂಬಾ ನೋವಾಗೋ ವಿಷಯ ಏನಂದ್ರೆ, ಡ್ರಾಫ್ಟ್ ಆಫೀಸಿನ ಮೇಲಿನ ಸಿಟ್ಟು ಕೆಲವೇ ಗಂಟೆಯಲ್ಲಿ ಕಪ್ಪು ಜನರ ಮೇಲೆ ತಿರುಗ್ತು. ಅವರನ್ನ ನಾಗರಿಕರು ಅಂತಾನೇ ಪರಿಗಣಿಸಿರ್ಲಿಲ್ಲ, ಹಾಗಾಗಿ ಡ್ರಾಫ್ಟ್ ಪಟ್ಟಿಲಿ ಅವರ ಹೆಸರಿಲ್ಲ, ಅದೇ ತಪ್ಪು ಅನ್ನೋ ಹಾಗೆ ಬೀದೀಲಿ ಹೊಡೆದು ನೇಣಿಗೆ ಹಾಕಿದ್ರು, ಇನ್ನೂರಕ್ಕೂ ಹೆಚ್ಚು ಮಕ್ಕಳಿದ್ದ ಕಪ್ಪು ಅನಾಥ ಮಕ್ಕಳ ಆಶ್ರಮ ಸುಟ್ರು. ಮಕ್ಕಳು ಹಿಂಬಾಗಿಲಿಂದ ಪಾರಾಗಿ ಉಳಿದ್ರು. ಅನ್ಯಾಯದ ಕಾನೂನು ಮಾಡಿದವರು ಎಲ್ಲೋ ಇದ್ರು, ಪೆಟ್ಟು ತಿಂದವರು ಪಕ್ಕದ ಬೀದಿಯ ಇನ್ನೂ ಬಡವರು.

ಒಟ್ಟು ಲೆಕ್ಕ ನೋಡಿ, ಉತ್ತರದ ಡ್ರಾಫ್ಟಲ್ಲಿ ಹೆಸರು ಬಂದವರು ಸುಮಾರು 7 ಲಕ್ಷ 76 ಸಾವಿರ, ಅದರಲ್ಲಿ ತಾವೇ ಸೈನ್ಯಕ್ಕೆ ಹೋದವರು ಸುಮಾರು 46 ಸಾವಿರ ಅಷ್ಟೇ. ದುಡ್ಡು ಕಟ್ಟಿ ಉಳಿದವರೇ 86 ಸಾವಿರಕ್ಕಿಂತ ಜಾಸ್ತಿ. ಬದಲಿ ಆಳು ಕೊಟ್ಟವರಲ್ಲಿ ಗ್ರೋವರ್ ಕ್ಲೀವ್‌ಲ್ಯಾಂಡ್ ಕೂಡ ಒಬ್ರು, ಮುಂದೆ ದೇಶದ ಅಧ್ಯಕ್ಷ ಆದವರು. ದುಡ್ಡಿದ್ದವನು ತಪ್ಪಿಸ್ಕೊಳ್ತಾನೆ ಅಂತ ನಿಮ್ಮ ಫ್ರೆಂಡ್ ಹೇಳಿದ್ದು ಸರಿ ಅನ್ನೋಕೆ ಇದಕ್ಕಿಂತ ಉದಾಹರಣೆ ಬೇಕಾ.

ಅರಳಿಮರ:

ಒಂದು ಚಿಕ್ಕ ವಿಷಯ. ಜಪಾನಲ್ಲಿ 1873ರಲ್ಲಿ ಕಡ್ಡಾಯ ಸೇವೆ ತಂದಾಗ ಸರ್ಕಾರದ ಪ್ರಕಟಣೆಯಲ್ಲಿ "ರಕ್ತ ತೆರಿಗೆ" ಅನ್ನೋ ಪದ ಬಳಸಿದ್ರು, ಯುರೋಪಿನವರ ಮಾತನ್ನ ಹಾಗೇ ತಗೊಂಡಿದ್ದು. ಹಳ್ಳಿಯವರು ನಿಜವಾಗ್ಲೂ ಮೈಯಿಂದ ರಕ್ತ ತೆಗೀತಾರೆ ಅಂತ ತಿಳ್ಕೊಂಡ್ರು, ಹಲವು ಕಡೆ ದಂಗೆ ಆಯ್ತು. ರಕ್ತದ ಗಾಳಿಸುದ್ದಿ ಒಂದೇ ಕಾರಣ ಅಲ್ಲ, ಹೊಸ ತೆರಿಗೆ, ಶಾಲೆ ಖರ್ಚು ಎಲ್ಲ ಒಟ್ಟಿಗೆ ತಲೆ ಮೇಲೆ ಬಿದ್ದಿತ್ತು. ಅಲ್ಲೂ 270 ಯೆನ್ ಕಟ್ಟಿದ್ರೆ ಬಿಡ್ತಿದ್ರು, ಮನೆ ಯಜಮಾನನಿಗೆ ಮತ್ತೆ ವಾರಸುದಾರ ಮಗನಿಗೆ ವಿನಾಯಿತಿ ಇತ್ತು. ಅದಕ್ಕೆ ಎರಡನೇ ಮೂರನೇ ಮಗನನ್ನ ಗಂಡು ಮಕ್ಕಳಿಲ್ಲದ ಮನೆಗೆ ದತ್ತು ಕೊಟ್ಟು ಅಲ್ಲಿನ ವಾರಸುದಾರ ಮಾಡ್ತಿದ್ರು. ಸೈನ್ಯದ ಕಾನೂನು ಒಂದು ದೇಶದ ಕುಟುಂಬ ಪದ್ಧತಿಯನ್ನೇ ಹೇಗೆ ತಿರುಗಿಸಿಬಿಡ್ತು ನೋಡಿ. ಈ ವಿನಾಯಿತಿಗಳನ್ನೆಲ್ಲ ಹೆಚ್ಚುಕಡಿಮೆ ತೆಗೆದಿದ್ದು 1889ರಲ್ಲಿ.

ಬೆಳ್ಳಿಮೋಡ_7:

ನಾನು ಸ್ವಲ್ಪ ಬೇರೆ ದಿಕ್ಕಲ್ಲಿ ಹೇಳ್ತೀನಿ, ಎಲ್ಲರೂ ತಪ್ಪಿಸ್ಕೊಂಡವರ ಬಗ್ಗೇನೇ ಬರೀತಿದೀರಿ. ಹೋದವರು ವಾಪಸ್ ಬಂದು ಏನು ಕೇಳಿದ್ರು ಅನ್ನೋದೂ ಇತಿಹಾಸ ತಾನೇ.

ಸರ್ಕಾರ ಒಬ್ಬನ ಹತ್ರ ಪ್ರಾಣ ಕೇಳಿದ ಮೇಲೆ ಅವನಿಗೆ ನೀನು ವೋಟ್ ಹಾಕೋ ಯೋಗ್ಯತೆ ಇಲ್ಲದವನು ಅಂತ ಹೇಳೋದು ಕಷ್ಟ ಆಗುತ್ತೆ. ಬ್ರಿಟನ್ನಲ್ಲಿ 1916ರ ತನಕ ಕಡ್ಡಾಯ ಸೇವೆ ಇರ್ಲಿಲ್ಲ, ಆ ವರ್ಷ ಮೊದಲು ಮದುವೆಯಾಗದವರಿಗೆ ಆಮೇಲೆ ಮೇ ತಿಂಗಳಲ್ಲಿ ಮದುವೆಯಾದವರಿಗೂ ಬಂತು. ಆಗ ಅಲ್ಲಿನ ವಯಸ್ಕ ಗಂಡಸರಲ್ಲೇ ಸುಮಾರು 40 ಪರ್ಸೆಂಟ್ ಜನಕ್ಕೆ ವೋಟಿನ ಹಕ್ಕಿರ್ಲಿಲ್ಲ! ಕಂದಕದಲ್ಲಿ ಸಾಯಬಹುದು, ವೋಟ್ ಹಾಕೋಹಾಗಿಲ್ಲ. 1918ರಲ್ಲಿ 21 ತುಂಬಿದ ಗಂಡಸರಿಗೆಲ್ಲ ವೋಟು ಬಂತು, ಯುದ್ಧಕ್ಕೆ ಹೋದವರಿಗೆ 19ಕ್ಕೇ ಕೊಟ್ರು, 30 ದಾಟಿದ ಹೆಂಗಸರಿಗೂ ಕೆಲವು ಷರತ್ತು ಇಟ್ಟು ಬಂತು. ಇದಕ್ಕೆ ಯುದ್ಧ ಒಂದೇ ಕಾರಣ ಅಲ್ಲ, ಹೆಂಗಸರು ದಶಕಗಟ್ಟಲೆ ಹೋರಾಡಿದ್ರು, ಆದ್ರೆ ಬಾಗಿಲು ತೆರೆದಿದ್ದರಲ್ಲಿ ಇದರ ಪಾತ್ರ ಇಲ್ಲ ಅನ್ನೋಕಾಗಲ್ಲ. ಅಮೆರಿಕದಲ್ಲಿ ವಿಯೆಟ್ನಾಂಗೆ 18ಕ್ಕೆ ಕಳಿಸ್ತಿದ್ರು, ವೋಟು 21ಕ್ಕೆ. ಯುದ್ಧ ಮಾಡೋ ವಯಸ್ಸಾದ್ರೆ ವೋಟ್ ಹಾಕೋ ವಯಸ್ಸೂ ಆಗಿದೆ ಅಂತ ಹುಡುಗರು ಕೇಳಿದ್ರು, 1971ರಲ್ಲಿ ಸಂವಿಧಾನಕ್ಕೆ 26ನೇ ತಿದ್ದುಪಡಿ ಬಂತು.

ನನಗೆ ತುಂಬಾ ಇಷ್ಟವಾದ ಉದಾಹರಣೆ ಆಗ ಫ್ರಾನ್ಸಿನ ವಸಾಹತಾಗಿದ್ದ ಸೆನೆಗಲ್‌ದು. ಬ್ಲೇಜ್ ಜಾನ್ಯ್ ಅಂತ, 1914ರಲ್ಲಿ ಫ್ರಾನ್ಸಿನ ಸಂಸತ್ತಿಗೆ ಆರಿಸಿ ಬಂದ ಮೊದಲ ಆಫ್ರಿಕನ್ ಕಪ್ಪು ಸದಸ್ಯ. ಅಲ್ಲಿನ ನಾಲ್ಕು ಪಟ್ಟಣಗಳ ಕಪ್ಪು ಜನಕ್ಕೆ ವೋಟಿತ್ತು, ಪೂರ್ತಿ ಪೌರತ್ವ ಇದೆಯೋ ಇಲ್ವೋ ಅನ್ನೋದು ಮಾತ್ರ ತೂಗುಯ್ಯಾಲೆ. ಜಾನ್ಯ್ ಏನು ಮಾಡಿದ್ರು, ನಮ್ಮನ್ನೂ ಫ್ರೆಂಚರ ಹಾಗೇ ಕಡ್ಡಾಯ ಸೇವೆಗೆ ಸೇರಿಸಿ ಅಂತ ತಾವೇ ಕೇಳಿ 1915ರಲ್ಲಿ ಕಾನೂನು ಮಾಡಿಸಿದ್ರು, ಅದನ್ನ ಹಿಡ್ಕೊಂಡು 1916ರಲ್ಲಿ ಇವರೂ ಇವರ ಮಕ್ಕಳೂ ಫ್ರೆಂಚ್ ಪೌರರು ಅಂತ ಬರೆಸ್ಕೊಂಡ್ರು. ರಕ್ತ ತೆರಿಗೆ ಕಟ್ಟಿ ರಸೀದಿ ಕೇಳಿದ ಹಾಗೆ.

ಅದಕ್ಕೇ ನನ್ನ ಅಭಿಪ್ರಾಯ, ಕಡ್ಡಾಯ ಸೇವೆ ಬರೀ ಶೋಷಣೆ ಅಂತ ಒಂದೇ ಗೆರೆ ಎಳೆಯೋದು ಸರಿಯಲ್ಲ. ಫ್ರಾನ್ಸಲ್ಲಿ ಬ್ರೆಟನ್ ಮಾತಾಡೋ ಹುಡುಗರು ಫ್ರೆಂಚ್ ಕಲಿತಿದ್ದರಲ್ಲಿ, ರಷ್ಯಾದಲ್ಲಿ ಎಷ್ಟೋ ರೈತ ಮಕ್ಕಳು ಅಕ್ಷರ ಕಲಿತಿದ್ದರಲ್ಲಿ ಬ್ಯಾರಕ್ಕಿನ ಪಾತ್ರ ಇದೆ.

ಹಳೇ_ದಫ್ತರ:

ಬೆಳ್ಳಿಮೋಡ ಅವರೇ, ಒಳ್ಳೆ ಮಾತು, ಇದನ್ನ ನಾನು ಬಿಟ್ಟಿದ್ದೆ. ಆದ್ರೆ ಜಾನ್ಯ್ ಕಥೆಗೆ ಇನ್ನೊಂದು ಮಗ್ಗುಲು ಇದೆ. ಪೌರತ್ವ ಸಿಕ್ಕಿದ್ದು ನಾಲ್ಕು ಪಟ್ಟಣದವರಿಗೆ. ಒಳನಾಡಿನ ಲಕ್ಷಾಂತರ ಆಫ್ರಿಕನ್ನರು ಪೌರರಲ್ಲ, ಬರೀ ಪ್ರಜೆಗಳು, ಅವರನ್ನೂ 1912ರ ಆದೇಶದಿಂದ ಸೈನ್ಯಕ್ಕೆ ಎಳೀತಿದ್ರು. ಊರ ಮುಖಂಡನಿಗೆ ಇಷ್ಟು ತಲೆ ಬೇಕು ಅಂತ ಹೇಳೋದು, ಅವನು ಯಾರ ಪರವಾಗಿ ಮಾತಾಡೋರು ಇಲ್ವೋ ಅವರನ್ನ ಕೊಡೋದು. 1915ರ ಕೊನೆಯಲ್ಲಿ ಈಗಿನ ಬುರ್ಕಿನಾ ಫಾಸೋ, ಮಾಲಿ ಕಡೆ ಇದರ ವಿರುದ್ಧ ದೊಡ್ಡ ದಂಗೆಯೇ ಎದ್ದಿತ್ತು, ಊರು ಊರೇ ಸುಟ್ಟು ಅಡಗಿಸಿದ್ರು. 1918ರಲ್ಲಿ ಮತ್ತೆ ಜನ ಬೇಕಾದಾಗ ಭರ್ತಿಗೆ ಹೋದವರು ಇದೇ ಜಾನ್ಯ್, 60 ಸಾವಿರಕ್ಕಿಂತ ಹೆಚ್ಚು ಜನರನ್ನ ಸೇರಿಸಿದ್ರು, ಯುದ್ಧ ಮುಗಿದ ಮೇಲೆ ಹಕ್ಕು ಸಿಗುತ್ತೆ ಅನ್ನೋ ಭರವಸೆ ಕೊಟ್ಟು. ಆ ಭರವಸೆ ಹೆಚ್ಚಿನವರ ಪಾಲಿಗೆ ಮೂಗಿಗೆ ತುಪ್ಪ ಸವರಿದ ಹಾಗೇ ಆಯ್ತು. ಎರಡನೇ ಮಹಾಯುದ್ಧದಲ್ಲೂ ಅದೇ. 1944ರ ಡಿಸೆಂಬರ್ 1ರಂದು ಸೆನೆಗಲ್ಲಿನ ಡಾಕಾರ್ ಹತ್ರದ ಥಿಯಾರೋಯ್ ಶಿಬಿರದಲ್ಲಿ, ಜರ್ಮನರ ಸೆರೆಯಿಂದ ಬಿಡುಗಡೆಯಾಗಿ ಬಂದ ಆಫ್ರಿಕನ್ ಸೈನಿಕರು ಬಾಕಿ ಸಂಬಳ ಕೇಳಿದ್ದಕ್ಕೆ ಫ್ರೆಂಚ್ ಸೈನ್ಯವೇ ಗುಂಡು ಹಾರಿಸ್ತು. 1959ರಲ್ಲಿ ಅವರ ಪೆನ್ಷನ್ನನ್ನ ಇದ್ದಲ್ಲೇ ನಿಲ್ಲಿಸಿಬಿಟ್ರು, ಅದೇ ಯುದ್ಧ ಮಾಡಿದ ಫ್ರೆಂಚನದ್ದು ಏರ್ತಾ ಹೋಯ್ತು.

ರಸೀದಿ ಕೇಳಿದವರೆಲ್ಲರಿಗೂ ರಸೀದಿ ಸಿಗಲ್ಲ ಅಂತ ಹೇಳೋಕೆ ಇಷ್ಟು ಬರೆದೆ. ಕೇಳೋ ಶಕ್ತಿ ಇದ್ದವರಿಗೆ ಸಿಗ್ತು.

ಸುಮಾಕ್ಕ:

ಹೆಂಗಸರ ವಿಷಯ ಯಾರೂ ಬರೀಲಿಲ್ಲ, ನಾನು ಬರೀತೀನಿ.

ರಷ್ಯಾದಲ್ಲಿ ಪೀಟರ್ ದೊರೆ 1705ರಲ್ಲಿ ಶುರು ಮಾಡಿದ ಭರ್ತಿಯಲ್ಲಿ ಹೋದವನು ಜೀವನಪೂರ್ತಿ ಹೋದ ಹಾಗೆ. 1793ರಲ್ಲಿ 25 ವರ್ಷಕ್ಕೆ ಇಳಿಸಿದ್ರು, ಏನು ವ್ಯತ್ಯಾಸ ಹೇಳಿ, ಇಪ್ಪತ್ತರ ಹುಡುಗ ನಲವತ್ತೈದಕ್ಕೆ ಬರ್ತಾನಾ. ಓಡಿ ಹೋದ್ರೆ ಗುರುತು ಸಿಗ್ಲಿ ಅಂತ ಮುಂದಲೆ ಬೋಳಿಸ್ತಿದ್ರು. ಸತ್ತವರಿಗೆ ಹಾಡಿ ಅಳ್ತಾರಲ್ಲ, ಹಾಗೇ ಭರ್ತಿಯಾದ ಹುಡುಗನನ್ನ ಕಳಿಸ್ವಾಗ ಹಾಡಿ ಅಳೋ ಹಾಡುಗಳಿದ್ವು, ಜೀವ ಇರೋ ಮಗನಿಗೆ ಎಳ್ಳು ನೀರು ಬಿಟ್ಟ ಹಾಗೆ. ಸೈನ್ಯಕ್ಕೆ ಸೇರಿದವನು ಜೀತದಿಂದ ಬಿಡುಗಡೆ ಆಗ್ತಿದ್ದ, ಅವನ ಹೆಂಡತಿಯೂ ಕಾನೂನಿನ ಲೆಕ್ಕದಲ್ಲಿ ಸ್ವತಂತ್ರಳು. ಆದ್ರೆ ಗಂಡ ಇಲ್ಲ, ಅವನ ಪಾಲಿನ ಭೂಮಿ ಇಲ್ಲ, ಗಂಡ ಬದುಕಿದಾನೋ ಇಲ್ವೋ ಗೊತ್ತಿಲ್ಲ ಹಾಗಾಗಿ ಇನ್ನೊಂದು ಮದುವೆಯೂ ಇಲ್ಲ. ಅಂಥ ಹೆಂಗಸಿಗೆ ರಷ್ಯನ್ ಭಾಷೆಯಲ್ಲಿ "ಸೊಲ್ದಾತ್ಕ" ಅಂತ ಬೇರೆ ಪದವೇ ಇದೆ, ಸಿಪಾಯಿ ಹೆಂಡತಿ ಅಂತ. ಎಷ್ಟೋ ಜನ ಪಟ್ಟಣ ಸೇರಿ ಮನೆಗೆಲಸಕ್ಕೆ, ಮೈ ಮಾರೋಕೆ ಇಳಿದ್ರು. ಸ್ವಾತಂತ್ರ್ಯ ಅಂದ್ರೆ ಅದಾ?

1874ರಲ್ಲಿ ಯುದ್ಧ ಮಂತ್ರಿ ಮಿಲ್ಯುಟಿನ್ ಎಲ್ಲ ವರ್ಗದವರಿಗೂ ಸೇವೆ ಕಡ್ಡಾಯ ಮಾಡಿ ಅವಧಿಯನ್ನ 6 ವರ್ಷಕ್ಕೆ ಇಳಿಸಿದ್ರು. ಯೂನಿವರ್ಸಿಟಿ ಓದಿದವನಿಗೆ 6 ತಿಂಗಳು, ಪ್ರೈಮರಿ ಓದಿದವನಿಗೆ 4 ವರ್ಷ, ಏನೂ ಓದದವನಿಗೆ ಪೂರ್ತಿ ಆರು. ಬೆಳ್ಳಿಮೋಡ ಹೇಳಿದ ಅಕ್ಷರ ಕಲಿಕೆಗೆ ಇದೂ ಒಂದು ಕಾರಣ, ಮಗ ಎರಡು ವರ್ಷ ಬೇಗ ಬರ್ತಾನೆ ಅಂದ್ರೆ ಯಾವ ತಾಯಿ ಶಾಲೆಗೆ ಕಳಿಸಲ್ಲ. ಅದು ಒಪ್ತೀನಿ.

ಅಲ್ಲಿಂದ ನೂರಾ ಹದಿನೈದು ವರ್ಷ ಮುಂದಕ್ಕೆ ಬನ್ನಿ. 1989ರಲ್ಲಿ ಸೋವಿಯತ್ ಒಕ್ಕೂಟದಲ್ಲಿ ಸೈನಿಕರ ತಾಯಂದಿರ ಸಮಿತಿ ಅಂತ ಶುರುವಾಯ್ತು. ಬ್ಯಾರಕ್ಕಿನಲ್ಲಿ ಹಳಬರು ಹೊಸಬರನ್ನ ಹಿಂಸೆ ಮಾಡೋ ಪದ್ಧತಿಗೆ ಅಲ್ಲಿ "ದೆದೊವ್ಷಿನ" ಅಂತಾರೆ, ಅಜ್ಜಂದಿರ ದರ್ಬಾರು ಅಂದ ಹಾಗೆ. ಹೊಡೆತಕ್ಕೆ ಸತ್ತವರು, ತಾಳಲಾರದೆ ಪ್ರಾಣ ಕಳ್ಕೊಂಡವರು, ಇವರ ತಾಯಂದಿರು ಫೋಟೋ ಹಿಡ್ಕೊಂಡು ಆಫೀಸುಗಳ ಮುಂದೆ ನಿಂತ್ರು. ಸರ್ಕಾರಕ್ಕೆ ಎದುರು ಮಾತಾಡೋ ಸಂಘಟನೆಗಳೇ ಅಪರೂಪ ಇದ್ದ ದೇಶ ಅದು. ಚೆಚೆನ್ಯ ಯುದ್ಧದಲ್ಲಿ ಎಷ್ಟೋ ತಾಯಂದಿರು ತಾವೇ ಯುದ್ಧ ನಡೀತಿದ್ದ ಜಾಗಕ್ಕೆ ಹೋಗಿ ಮಕ್ಕಳನ್ನ ಹುಡುಕಿದ್ರು, ಕೆಲವರು ಎದುರಾಳಿ ಕೈಲಿ ಸೆರೆಯಲ್ಲಿದ್ದ ಮಗನನ್ನ ಮಾತಾಡಿ ಬಿಡಿಸ್ಕೊಂಡು ಬಂದ್ರು. 1995ರಲ್ಲಿ ಮಾಸ್ಕೋದಿಂದ ಚೆಚೆನ್ಯದ ರಾಜಧಾನಿ ಗ್ರೋಜ್ನಿ ಕಡೆಗೆ ಶಾಂತಿ ಜಾಥಾ ಹೊರಟ್ರು. ಕಡ್ಡಾಯ ಸೇವೆಯ ಪರಿಣಾಮ ಅಂತ ಕೇಳಿದ್ರಲ್ಲ ನೀಲಿ ಶಾಯಿ, ಇದೂ ಒಂದು. ಮಗನನ್ನ ಕಿತ್ಕೊಂಡಾಗ ತಾಯಿ ಮೊದಲ ಸಲ ಕಾನೂನಿನ ಪುಸ್ತಕ ಓದಿದಳು.

ಅಂಕಿಬುಕ್ಕು:

"ಶಿಸ್ತು ಬರುತ್ತೆ" ಅಂತ ಇತ್ತಲ್ಲ ಪ್ರಶ್ನೆಯಲ್ಲಿ, ಅದಕ್ಕೆ ಮಾತ್ರ ಉತ್ತರ ಕೊಡ್ತೀನಿ.

ಇದನ್ನ ಅಳೆಯೋದು ಕಷ್ಟ, ಯಾಕಂದ್ರೆ ಸೈನ್ಯಕ್ಕೆ ಹೋದವರೂ ಹೋಗದವರೂ ಮೊದಲಿಂದಾನೇ ಬೇರೆ ಬೇರೆ ತರದವರು ಇರ್ತಾರೆ. ಆದ್ರೆ ಲಾಟರಿ ಹಾಕಿ ಆರಿಸಿದ್ರೆ ಹೋಲಿಸ್ಬಹುದು. ಅಮೆರಿಕದಲ್ಲಿ 1969ರ ಡಿಸೆಂಬರ್ 1ಕ್ಕೆ ಹುಟ್ಟಿದ ದಿನದ ಮೇಲೆ ಲಾಟರಿ ಎತ್ತಿದ್ರು, 366 ನೀಲಿ ಡಬ್ಬಿ, ಮೊದಲು ಬಂದಿದ್ದು ಸೆಪ್ಟೆಂಬರ್ 14. (ಡಬ್ಬಿಗಳನ್ನ ಸರಿಯಾಗಿ ಕಲಸಿರ್ಲಿಲ್ಲ, ವರ್ಷದ ಕೊನೆ ತಿಂಗಳಲ್ಲಿ ಹುಟ್ಟಿದವರಿಗೆ ಬೇಗ ಕರೆ ಬರೋ ನಂಬರ್ ಜಾಸ್ತಿ ಬಿತ್ತು, ಒಂದು ಡಬ್ಬಿ ಇನ್ನೊಂದೆರಡು ಸಲ ತಿರುಗಿಸಿದ್ರೆ ಯಾರ್ಯಾರ ಹಣೆಬರಹ ಬದಲಾಗ್ತಿತ್ತೋ.) ಆಮೇಲೆ ಜೋಶುವಾ ಆಂಗ್ರಿಸ್ಟ್ ಅನ್ನೋ ಅರ್ಥಶಾಸ್ತ್ರಜ್ಞ ಈ ಲಾಟರಿ ನಂಬರುಗಳನ್ನೇ ಇಟ್ಕೊಂಡು ಸಂಬಳ ಹೋಲಿಸಿ 1990ರಲ್ಲಿ ಪ್ರಕಟ ಮಾಡಿದ್ರು. 1980ರ ದಶಕದ ಶುರುವಲ್ಲಿ, ಅಂದ್ರೆ ಸೇವೆ ಮುಗಿದು ಎಷ್ಟೋ ವರ್ಷ ಆದ್ಮೇಲೂ, ಸೈನ್ಯಕ್ಕೆ ಹೋಗಿ ಬಂದ ಬಿಳಿಯರ ಆದಾಯ ಹೋಗದವರಿಗಿಂತ ಸುಮಾರು 15 ಪರ್ಸೆಂಟ್ ಕಡಿಮೆ ಇತ್ತು. ಅವರು ಮಿಲಿಟರಿಯಲ್ಲಿ ಇದ್ದ ಹೊತ್ತಲ್ಲಿ ಬೇರೆಯವರು ಕೆಲಸ ಕಲಿತು ಮುಂದೆ ಹೋಗಿದ್ರು.

ಅರ್ಜೆಂಟೀನಾದಲ್ಲೂ ಗುರುತಿನ ಚೀಟಿಯ ಕೊನೆ ಮೂರು ಅಂಕಿ ಮೇಲೆ ಲಾಟರಿ ಇತ್ತು. ಅಲ್ಲಿನ ಸಂಶೋಧಕರು ನೋಡಿದಾಗ, ಸೈನ್ಯಕ್ಕೆ ಹೋಗಿ ಬಂದವರಲ್ಲಿ ಮುಂದೆ ಅಪರಾಧ ದಾಖಲಾದವರ ಪ್ರಮಾಣ ಕಡಿಮೆ ಆಗಿರ್ಲಿಲ್ಲ, ಸ್ವಲ್ಪ ಜಾಸ್ತೀನೇ ಆಗಿತ್ತು. ಅಲ್ಲಿ 1994ರಲ್ಲಿ ಒಬ್ಬ ಹೊಸ ಹುಡುಗ ಬ್ಯಾರಕ್ಕಿನ ಹೊಡೆತಕ್ಕೆ ಸತ್ತಿದ್ದು ಬೆಳಕಿಗೆ ಬಂದು ದೇಶವೆಲ್ಲ ಸಿಟ್ಟಾಗಿ ಅದೇ ವರ್ಷ ಕಡ್ಡಾಯ ಸೇವೆ ನಿಂತು ಹೋಯ್ತು.

ಎರಡೇ ಅಧ್ಯಯನದಿಂದ ಎಲ್ಲ ದೇಶಕ್ಕೂ ತೀರ್ಪು ಕೊಡೋಕಾಗಲ್ಲ. ಶಿಸ್ತು ಬಂದೇ ಬರುತ್ತೆ ಅಂತ ಕಣ್ಣುಮುಚ್ಚಿ ಹೇಳೋಕಂತೂ ಆಗಲ್ಲ.

ಬೆಳ್ಳಿಮೋಡ_7:

ದಫ್ತರ ಸರ್, ಥಿಯಾರೋಯ್ ವಿಷಯ ನನಗೆ ಗೊತ್ತಿರ್ಲಿಲ್ಲ. ಓದಿ ಸುಮ್ನೆ ಕೂತಿದ್ದೆ ಸ್ವಲ್ಪ ಹೊತ್ತು.

ನಾನು ಇನ್ನೊಂದು ಹೇಳ್ಬೇಕು, ಇದು ನನ್ನ ವಾದಕ್ಕೇ ಅಂತಲ್ಲ. ಬೇಡ ಅಂದವರೂ ಸಮಾಜವನ್ನ ಬದಲಾಯಿಸಿದಾರೆ. ಬ್ರಿಟನ್ನಲ್ಲಿ ಮೊದಲ ಮಹಾಯುದ್ಧದಲ್ಲಿ ಸುಮಾರು 16 ಸಾವಿರ ಜನ ಕೊಲ್ಲೋದು ನನ್ನ ಆತ್ಮಸಾಕ್ಷಿಗೆ ಒಪ್ಪಲ್ಲ ಅಂದ್ರು. ಅವರಲ್ಲಿ ಮೂವತ್ತಕ್ಕೂ ಹೆಚ್ಚು ಜನರನ್ನ ಫ್ರಾನ್ಸಿಗೆ ಸಾಗಿಸಿ 1916ರಲ್ಲಿ ಮರಣದಂಡನೆ ಓದಿ ಹೇಳಿ, ಅದೇ ಉಸಿರಲ್ಲಿ ಹತ್ತು ವರ್ಷ ಸಜೆಗೆ ಇಳಿಸಿದ್ರು. ಗಂಡಸರಿಗೆಲ್ಲ ವೋಟು ಕೊಟ್ಟ ಅದೇ 1918ರ ಕಾನೂನಲ್ಲಿ ಇವರಿಗೆ ಮಾತ್ರ ಐದು ವರ್ಷ ವೋಟಿಲ್ಲ. ಅಲ್ಲಿಂದ 1949ಕ್ಕೆ ಬಂದ್ರೆ ಪಶ್ಚಿಮ ಜರ್ಮನಿಯ ಸಂವಿಧಾನದ 4ನೇ ವಿಧಿಯಲ್ಲಿ, ಆತ್ಮಸಾಕ್ಷಿಗೆ ವಿರುದ್ಧವಾಗಿ ಯಾರನ್ನೂ ಆಯುಧ ಹಿಡಿದು ಯುದ್ಧ ಮಾಡೋಕೆ ಬಲವಂತ ಮಾಡೋಹಾಗಿಲ್ಲ ಅಂತ ಬರೆದಿದಾರೆ. ಹಿಟ್ಲರ್ ಕಾಲದಲ್ಲಿ ಇದೇ ಮಾತು ಹೇಳಿದವರ ತಲೆ ತೆಗೆದ ದೇಶ ಅದು. 1956ರಲ್ಲಿ ಕಡ್ಡಾಯ ಸೇವೆ ಮತ್ತೆ ಬಂತು, 1961ರಿಂದ ಆಯುಧ ಬೇಡ ಅಂದವರು ಆಸ್ಪತ್ರೆ, ವೃದ್ಧಾಶ್ರಮ, ಅಂಗವಿಕಲರ ಕೇಂದ್ರಗಳಲ್ಲಿ ಕೆಲಸ ಮಾಡೋಕೆ ಶುರು ಮಾಡಿದ್ರು. 2011ರಲ್ಲಿ ನಿಲ್ಲೋ ಹೊತ್ತಿಗೆ 25 ಲಕ್ಷಕ್ಕೂ ಹೆಚ್ಚು ಹುಡುಗರು ಹೀಗೆ ಮಾಡಿದ್ರು. ಮೊದಮೊದಲು ಹೇಡಿಗಳು ಅನ್ನಿಸ್ಕೊಂಡವರು ಕೊನೆಗೆ ಎಷ್ಟು ಬೇಕಾದ್ರು ಅಂದ್ರೆ, ಇವರಿಲ್ದೆ ವೃದ್ಧಾಶ್ರಮ ನಡೆಸೋದು ಹೇಗೆ ಅನ್ನೋದೇ ಕಡ್ಡಾಯ ಸೇವೆ ನಿಲ್ಲಿಸೋಕೆ ದೊಡ್ಡ ಚಿಂತೆ ಆಗಿತ್ತು.

ದಕ್ಷಿಣ ಕೊರಿಯಾದಲ್ಲಿ ಇದೇ ಕಾರಣಕ್ಕೆ ಸಾವಿರಾರು ಜನ ಜೈಲಿಗೆ ಹೋದ್ರು, 2018ರಲ್ಲಿ ಅಲ್ಲಿನ ಸಾಂವಿಧಾನಿಕ ಕೋರ್ಟ್ ಪರ್ಯಾಯ ಸೇವೆ ಕೊಡ್ಲೇಬೇಕು ಅಂತು. 2020ರಲ್ಲಿ ಬಂತು, 36 ತಿಂಗಳು, ಅದೂ ಜೈಲಲ್ಲೇ ಕೆಲಸ. ಸೈನ್ಯದಲ್ಲಾದ್ರೆ 18 ತಿಂಗಳು.

ನೀಲಿ_ಶಾಯಿ:

ಇಷ್ಟೊಂದು ಬರೆದಿದ್ದಕ್ಕೆ ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಸುಮಾಕ್ಕ, ನೀವು ಬರೆದ ಸೊಲ್ದಾತ್ಕ ವಿಷಯ ಓದಿ, ನಾನು ಸಮಾನತೆ ಅಂತ ಕೇಳ್ವಾಗ ಗಂಡಸರ ಬಗ್ಗೆ ಮಾತ್ರ ಯೋಚ್ನೆ ಮಾಡಿದ್ದೆ ಅಂತ ಹೊಳೀತು.

ಒಂದೇ ಒಂದು ಪ್ರಶ್ನೆ ಉಳೀತು. ಇದನ್ನೆಲ್ಲ ಸರ್ಕಾರಗಳೇ ತೀರ್ಮಾನ ಮಾಡಿವೆ. ಜನರನ್ನೇ ನೇರವಾಗಿ, ನಿಮಗೆ ಬೇಕಾ ಬೇಡ್ವಾ ಅಂತ ಯಾರಾದ್ರೂ ಕೇಳಿದಾರಾ?

ಸಂಜೆ_ಓದು:

ಕೇಳಿದಾರೆ. ಸ್ವಿಟ್ಜರ್‌ಲ್ಯಾಂಡಲ್ಲಿ 2013ರಲ್ಲಿ ತೆಗೆಯೋಣ್ವಾ ಅಂತ ಕೇಳಿದ್ರು, ಸುಮಾರು 73 ಪರ್ಸೆಂಟ್ ಜನ ಬೇಡ, ಇರ್ಲಿ ಅಂದ್ರು. ಅಲ್ಲಿ ಹೋಗದವರು ಅದಕ್ಕೆ ಬೇರೆ ತೆರಿಗೆ ಕಟ್ತಾರೆ.

ಆಸ್ಟ್ರೇಲಿಯಾದಲ್ಲಿ ಮೊದಲ ಮಹಾಯುದ್ಧದ ಮಧ್ಯದಲ್ಲೇ ಕೇಳಿದ್ರು. ಪ್ರಧಾನಿ ಬಿಲ್ಲಿ ಹ್ಯೂಸ್, 1916ರ ಅಕ್ಟೋಬರ್ 28. ಸೇನೆಗೆ ವಿದೇಶದಲ್ಲಿ ಹೋರಾಡೋಕೆ ಜನ ಸಾಲ್ತಿಲ್ಲ, ಕಡ್ಡಾಯ ಮಾಡ್ಬಹುದಾ ಅಂತ. ಅಲ್ಲಿ ಹೆಂಗಸರಿಗೆ ಆಗ್ಲೇ ವೋಟಿತ್ತು, ಹಾಗಾಗಿ ತಾಯಂದಿರೂ ವೋಟ್ ಹಾಕಿದ್ರು, ಮಗನನ್ನ ಸಾಯೋಕೆ ಕಳಿಸೋ ಚೀಟಿಗೆ ನೀನು ಸಹಿ ಹಾಕ್ತೀಯಾ ಅನ್ನೋ ಅರ್ಥದ ಕರಪತ್ರಗಳು ಮನೆ ಮನೆಗೆ ಹೋದ್ವು. ಬೇಡ ಅಂದವರು ಸ್ವಲ್ಪವೇ ಜಾಸ್ತಿ, 51.6 ಪರ್ಸೆಂಟ್. ಹ್ಯೂಸ್ ಅವರ ಲೇಬರ್ ಪಕ್ಷವೇ ಒಡೆದು ಎರಡಾಯ್ತು. 1917ರ ಡಿಸೆಂಬರಲ್ಲಿ ಮತ್ತೆ ಕೇಳಿದ್ರು, ಬೇಡ ಅಂದವರು ಇನ್ನೂ ಜಾಸ್ತಿ ಆದ್ರು. ಐರಿಷ್ ಮೂಲದ ಕ್ಯಾಥೊಲಿಕರು ಒಂದು ಕಡೆ, ಬ್ರಿಟನ್ ಅಭಿಮಾನಿ ಪ್ರೊಟೆಸ್ಟೆಂಟರು ಇನ್ನೊಂದು ಕಡೆ ಅಂತ ಆ ಬಿರುಕು ಎಷ್ಟೋ ವರ್ಷ ಮುಚ್ಚಲಿಲ್ಲ.

ಐರ್ಲೆಂಡಲ್ಲಿ ಮಾತ್ರ ಯಾರೂ ಕೇಳಿರ್ಲಿಲ್ಲ. 1918ರ ಏಪ್ರಿಲಲ್ಲಿ ಬ್ರಿಟಿಷ್ ಸಂಸತ್ತು ಕಾನೂನು ಮಾಡ್ತು, ಏಪ್ರಿಲ್ 23ಕ್ಕೆ ಕಾರ್ಮಿಕರು ದೇಶದ ಬಹುಭಾಗ ಬಂದ್ ಮಾಡಿದ್ರು, ಚರ್ಚು, ಯೂನಿಯನ್ನು, ಒಬ್ಬರ ಮುಖ ಒಬ್ಬರು ನೋಡದ ಪಕ್ಷಗಳು ಎಲ್ಲ ಒಂದಾದ್ವು. ಕಾನೂನು ಜಾರಿ ಆಗ್ಲೇ ಇಲ್ಲ, ಒಬ್ಬನನ್ನೂ ಅದರಡಿ ಕರ್ಕೊಂಡು ಹೋಗೋಕಾಗ್ಲಿಲ್ಲ. ಅದೇ ಡಿಸೆಂಬರ್ ಚುನಾವಣೆಯಲ್ಲಿ ಐರ್ಲೆಂಡಿನ 105 ಸೀಟಲ್ಲಿ 73 ಸ್ವಾತಂತ್ರ್ಯ ಕೇಳ್ತಿದ್ದ ಶಿನ್ ಫೇನ್ ಪಕ್ಷದ ಪಾಲಾದ್ವು.